30 ಡಿಗ್ರಿ ದಾಟಿದ ಮೇಲೆ ಏನು ಮಾಡಬೇಕು? ಇನ್ಸುಲಿನ್ ತಯಾರಿಸುವವರಿಗೂ ಬರೆದುಕೊಡುವವರಿಗೂ ಒಂದು ಬಹಿರಂಗ ಪತ್ರ

ಇನ್ಸುಲಿನ್ ತಯಾರಿಸುವ ಕಂಪನಿಗಳಿಗೆ, ಅದರ ಲೇಬಲ್‌ಗೆ ಒಪ್ಪಿಗೆ ನೀಡುವ ಔಷಧ ನಿಯಂತ್ರಕರಿಗೆ, ಅದನ್ನು ಬರೆದುಕೊಡುವ ವೈದ್ಯರಿಗೆ ಮತ್ತು ಚುಚ್ಚಿಕೊಳ್ಳುವ ಬಗೆಯನ್ನು ಕಲಿಸುವ ಶುಶ್ರೂಷಕರಿಗೆ,

ಮಾನ್ಯರೇ,

ಇನ್ಸುಲಿನ್ ಪೆಟ್ಟಿಗೆಯೊಳಗೆ ಮಡಚಿಟ್ಟಿರುವ ಕಾಗದದಲ್ಲಿ ತಾಪಮಾನದ ಬಗ್ಗೆ ಎರಡು ಸೂಚನೆಗಳಿರುತ್ತವೆ. ಇನ್ನೂ ತೆರೆಯದ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಫ್ರಿಜ್‌ನಲ್ಲಿಡಬೇಕು. ಬಳಸಲು ಆರಂಭಿಸಿದ ಪೆನ್ನನ್ನೋ (ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನಾಕಾರದ ಸಾಧನ) ಬಾಟಲಿಯನ್ನೋ 30 ಡಿಗ್ರಿ ಮೀರದ ಕಡೆ, ಕೆಲವು ಬಗೆಗಳನ್ನು 25 ಡಿಗ್ರಿ ಮೀರದ ಕಡೆ ಇಟ್ಟುಕೊಂಡು ಸಾಮಾನ್ಯವಾಗಿ 28 ದಿನಗಳೊಳಗೆ ಮುಗಿಸಬೇಕು. ಇಷ್ಟು ಹೇಳಿ ಹೆಚ್ಚಿನ ಕಾಗದಗಳು ಸುಮ್ಮನಾಗುತ್ತವೆ. ಕೆಲವು ಮಾತ್ರ, ಮೀರಿದರೆ ಎಸೆಯಿರಿ ಎಂಬ ಒಂದು ಸಾಲನ್ನು ಸೇರಿಸುತ್ತವೆ. ಬೇಸಿಗೆಯ ಮಧ್ಯಾಹ್ನ ಮನೆಯೊಳಗಿನ ಥರ್ಮಾಮೀಟರ್ 36 ತೋರಿಸುತ್ತಿರುವಾಗ, ಮೇಜಿನ ಮೇಲಿರುವ ಪೆನ್ನಿನಲ್ಲಿ ಇನ್ನೂ 200 ಯೂನಿಟ್ ಉಳಿದಿರುವಾಗ, ಅದನ್ನು ರಾತ್ರಿ ಚುಚ್ಚಿಕೊಳ್ಳಬಹುದೇ ಬಾರದೇ ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರ ಸಿಗುವುದಿಲ್ಲ. ಆ ಉತ್ತರವನ್ನು ಕೇಳುವುದಕ್ಕಾಗಿಯೇ ಈ ಪತ್ರ.

ದೇಹ ತಾನೇ ಇನ್ಸುಲಿನ್ ತಯಾರಿಸುವುದನ್ನು ಬಹುಪಾಲು ನಿಲ್ಲಿಸಿಬಿಡುವ ಟೈಪ್ 1 ಮಧುಮೇಹ ನನಗೆ ಪತ್ತೆಯಾದದ್ದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಆಸ್ಪತ್ರೆಯಲ್ಲಿ ನನಗೆ ಕಲಿಸಬೇಕಾದದ್ದನ್ನು ತಾಳ್ಮೆಯಿಂದಲೇ ಕಲಿಸಿದರು: ಸೂಜಿ ಹಿಡಿಯುವುದು, ಚುಚ್ಚುವ ಜಾಗವನ್ನು ಬದಲಿಸುತ್ತಿರುವುದು, ಊಟದ ಕಾರ್ಬೋಹೈಡ್ರೇಟ್ ಲೆಕ್ಕ, ಶುಗರ್ ಇಳಿದಾಗ ಮಾಡಬೇಕಾದ್ದು. ಬಿಸಿಲಿನ ವಿಷಯಕ್ಕೆ ಬಂದಾಗ ಮಾತ್ರ ಸಿಕ್ಕಿದ್ದು ಒಂದೇ ಮಾತು: ತಣ್ಣಗಿಡಿ. ಕಲಿಸಿದವರನ್ನು ನಾನು ದೂರುತ್ತಿಲ್ಲ. ಅವರ ಕೈಗೆ ಯಾರೂ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿರಲಿಲ್ಲ. ಆದರೆ ಬಿಸಿಲು ಇನ್ಸುಲಿನ್ ಬಳಸುವವರನ್ನು ಏಕಕಾಲಕ್ಕೆ ಮೂರು ಕಡೆಯಿಂದ ಹಿಡಿಯುತ್ತದೆ. ಅದು ಔಷಧವನ್ನು ಕೆಡಿಸುತ್ತದೆ, ಔಷಧ ದೇಹಕ್ಕೆ ಸೇರುವ ವೇಗವನ್ನು ಬದಲಿಸುತ್ತದೆ, ಶುಗರ್ ಅಳೆಯುವ ಸಾಧನವನ್ನೂ ತಪ್ಪುದಾರಿಗೆ ಎಳೆಯಬಲ್ಲದು. ಈ ಮೂರನ್ನೂ ಬಿಡಿಸಿ ನೋಡುವ ಶಕ್ತಿ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಿಗೆ ಅಷ್ಟಿಷ್ಟು ಇರುತ್ತದೆ. ಮೊನ್ನೆಯಷ್ಟೇ ಆರಂಭಿಸಿದವರಿಗೆ ಇರುವುದಿಲ್ಲ. ಹಾಗಿದ್ದೂ ನಿರ್ಧಾರದ ಭಾರವೆಲ್ಲ ಬೀಳುವುದು ಅವರ ಮೇಲೆಯೇ.

ಮೊದಲು ಔಷಧದ ವಿಷಯ. ಇನ್ಸುಲಿನ್ ಒಂದು ಪ್ರೋಟೀನ್. 21 ಅಮೈನೊ ಆಮ್ಲಗಳ ಒಂದು ಸರಪಳಿ, 30 ಅಮೈನೊ ಆಮ್ಲಗಳ ಇನ್ನೊಂದು ಸರಪಳಿ, ಇವೆರಡನ್ನೂ ಬಿಗಿದಿರುವ ಗಂಧಕದ ಬಂಧಗಳು, ಒಟ್ಟು 51 ಅಮೈನೊ ಆಮ್ಲಗಳ ಪುಟ್ಟ ಅಣು ಅದು. ಮಾನವ ಇನ್ಸುಲಿನ್ (ಮನುಷ್ಯ ದೇಹದ ಇನ್ಸುಲಿನ್‌ನ ತದ್ರೂಪವಾಗಿ ತಯಾರಿಸಿದ್ದು) ಇರುವ ಬಾಟಲಿಯಲ್ಲಿ ಇಂಥ ಆರಾರು ಅಣುಗಳು ಸತುವಿನ ನೆರವಿನಿಂದ ಗುಂಪುಗೂಡಿರುತ್ತವೆ, ಗುಂಪಿನಲ್ಲಿದ್ದಾಗ ಅವು ಗಟ್ಟಿಯಾಗಿರುತ್ತವೆ. ಪೆನ್ನಿನಿಂದ ಬರುವ ಆ ಆಸ್ಪತ್ರೆಯ ವಾಸನೆಗೆ ಕಾರಣವಾದ ಫೀನಾಲ್ ಮತ್ತು ಕ್ರೆಸಾಲ್ ಸೂಕ್ಷ್ಮಜೀವಿಗಳನ್ನು ತಡೆಯುವುದರ ಜೊತೆಗೆ ಈ ಗುಂಪನ್ನು ಕಾಯುವ ಕೆಲಸವನ್ನೂ ಮಾಡುತ್ತವೆ. ಶಾಖ ಹೆಚ್ಚಿದಂತೆ, ಅದರ ಜೊತೆಗೆ ಕುಲುಕಾಟವೂ ಸೇರಿದರೆ ಇನ್ನಷ್ಟು ಬೇಗ, ಅಣುಗಳು ಗುಂಪಿನಿಂದ ಬಿಡಿಯಾಗಿ, ತಮ್ಮ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ನಾರಿನಂತಾಗುತ್ತವೆ. ಹಾಗಾದ ಇನ್ಸುಲಿನ್ ಮತ್ತೆ ಫ್ರಿಜ್‌ಗೆ ಹೋದರೂ ಮೊದಲಿನಂತಾಗುವುದಿಲ್ಲ.

ಇದರಲ್ಲಿ ನಿಜವಾಗಿ ಭಯ ಹುಟ್ಟಿಸುವ ಸಂಗತಿ ಬೇರೆ ಇದೆ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಹಾಲಿನಂತಿರಬೇಕಾದ ಎನ್‌ಪಿಎಚ್ ಬಗೆಯ ಇನ್ಸುಲಿನ್ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದ ಮೇಲೂ ಹರಳುಹರಳಾಗಿ ಉಳಿದರೆ ಅಥವಾ ಗಾಜಿನ ಒಳಗೋಡೆಗೆ ಹಿಮದ ಪೊರೆಯಂತೆ ಅಂಟಿಕೊಂಡರೆ ಎಸೆಯಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಅದು ಸರಿ. ಆದರೆ ಸಾಮರ್ಥ್ಯದ ಒಂದು ಪಾಲನ್ನು ಕಳೆದುಕೊಂಡ ಇನ್ಸುಲಿನ್ ನೀರಿನಷ್ಟೇ ತಿಳಿಯಾಗಿ ಕಾಣಬಹುದು. ಬಣ್ಣವಾಗಲಿ ವಾಸನೆಯಾಗಲಿ ಬದಲಾಗಬೇಕೆಂದಿಲ್ಲ, ಚುಚ್ಚಿದಾಗ ಬೇರೆ ಬಗೆಯ ನೋವೂ ಇರುವುದಿಲ್ಲ. ಅದು ಗೊತ್ತಾಗುವುದು ಗಂಟೆಗಳ ನಂತರ, ಗ್ಲುಕೋಮೀಟರ್‌ನಲ್ಲಿ ಇಳಿಯದ ಸಂಖ್ಯೆಯಾಗಿ. ಆ ಸಂಖ್ಯೆಗೂ ನೂರು ಕಾರಣಗಳಿರಬಹುದಾದ್ದರಿಂದ ಔಷಧದ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ.

ಇನ್ನು 30 ಡಿಗ್ರಿಯ ಗೆರೆ. ಅದು ಪ್ರಪಾತದ ಅಂಚಲ್ಲ, ಎಚ್ಚರಿಕೆಯಿಂದ ಎಳೆದ ಗೆರೆ. ಶಾಖದ ಹಾನಿ ಎಷ್ಟು ಡಿಗ್ರಿ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದನ್ನೂ ಅವಲಂಬಿಸಿದೆ. ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ತಾಪಮಾನ ರಾತ್ರಿ 25, ಹಗಲು 37 ಡಿಗ್ರಿಗಳ ನಡುವೆ ಏರಿಳಿಯುತ್ತದೆ. ಗಡಿರಹಿತ ವೈದ್ಯರ ಸಂಸ್ಥೆಯೂ ಜಿನೀವಾ ವಿಶ್ವವಿದ್ಯಾಲಯವೂ ಸೇರಿ ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ, ನಾಲ್ಕು ವಾರ ಅದರಲ್ಲಿಟ್ಟ ಮಾನವ ಇನ್ಸುಲಿನ್‌ಗಳು ಫ್ರಿಜ್‌ನಲ್ಲಿಟ್ಟವುಗಳಷ್ಟೇ ಸಾಮರ್ಥ್ಯ ಉಳಿಸಿಕೊಂಡಿದ್ದವು ಎಂದು 2021ರಲ್ಲಿ ಪ್ರಕಟಿಸಿದರು. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಲಭ್ಯ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ, ತೆರೆಯದ ಮಾನವ ಇನ್ಸುಲಿನ್ ಅನ್ನು 25 ಡಿಗ್ರಿಯಲ್ಲಿ ಆರು ತಿಂಗಳವರೆಗೆ, 37 ಡಿಗ್ರಿಯಲ್ಲಿ ಎರಡು ತಿಂಗಳವರೆಗೆ ಇಟ್ಟರೂ ಚಿಕಿತ್ಸೆಗೆ ತೊಡಕಾಗುವಷ್ಟು ಸಾಮರ್ಥ್ಯ ಕಳೆಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಇವೆಲ್ಲ ಮಾನವ ಇನ್ಸುಲಿನ್‌ನ ಮಾತುಗಳು. ಬೇಗ ಅಥವಾ ನಿಧಾನವಾಗಿ ಕೆಲಸ ಮಾಡುವಂತೆ ಅಣುವನ್ನು ತುಸು ಬದಲಿಸಿದ, ಇಂದು ಬಹುಮಂದಿ ಬಳಸುವ ಅನಲಾಗ್ ಬಗೆಗಳಿಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. ನಿಲ್ಲಿಸಿದ ಕಾರಿಗಂತೂ ಇವು ಅನ್ವಯಿಸುವುದೇ ಇಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಒಳಗು ಒಂದು ಗಂಟೆಯೊಳಗೆ ಹೊರಗಿಗಿಂತ ಸುಮಾರು 20 ಡಿಗ್ರಿ ಮೇಲೇರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ 35 ಇದ್ದರೆ ಒಳಗೆ 55. ಅಲ್ಲಿ ಮರೆತುಬಿಟ್ಟ ಪೆನ್ನಿನ ಬಗ್ಗೆ ಚರ್ಚೆಯೇ ಬೇಡ.

36 ಡಿಗ್ರಿಯ ಕೋಣೆಗೂ 55 ಡಿಗ್ರಿಯ ಕಾರಿಗೂ ಅಜಗಜಾಂತರವಿದೆ ಎಂಬುದು ನಿಮಗೆ ಗೊತ್ತು. ಲೇಬಲ್‌ಗೆ ಮಾತ್ರ ಎರಡೂ ಒಂದೇ: 30 ಮೀರಿದ್ದು. ಹೀಗೆ ಒಂದೇ ಗೆರೆ ಎಳೆದು ಬಿಟ್ಟುಬಿಡುವುದರಿಂದ ಎರಡು ಬಗೆಯ ಅನಾಹುತಗಳಾಗುತ್ತವೆ. ಅಂಜುವ ಸ್ವಭಾವದವರು ಚೆನ್ನಾಗಿರುವ ಔಷಧವನ್ನು ಎಸೆಯುತ್ತಾರೆ, ಹೊಸದು ಸಿಗುವವರೆಗೆ ಡೋಸ್ ಕಡಿಮೆ ಮಾಡುತ್ತಾರೆ ಅಥವಾ ತಪ್ಪಿಸುತ್ತಾರೆ. ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ತಪ್ಪಿಸಿದರೆ ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಇನ್ನೂ ಬೇಗ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಏರಿ ಜೀವಕ್ಕೇ ಕುತ್ತಾಗುವ ಕೀಟೋಅಸಿಡೋಸಿಸ್‌ಗೆ ಜಾರಬಹುದು. ಬಿಸಿಲಿಗೆ ಒಂದಷ್ಟು ಬಾಡಿದ ಇನ್ಸುಲಿನ್‌ಗಿಂತ ಇಲ್ಲದ ಇನ್ಸುಲಿನ್ ಹೆಚ್ಚು ಅಪಾಯಕಾರಿ. ಬಿಸಿಲು ಎಲ್ಲ ಕಡೆಯೂ ಇದ್ದದ್ದೇ ಎನ್ನುವವರು ನಿಜವಾಗಿಯೂ ಕೆಟ್ಟ ಔಷಧವನ್ನೇ ಮುಂದುವರಿಸುತ್ತಾರೆ. ಇವೆರಡರ ನಡುವೆ ಮೂರನೆಯವರೂ ಇದ್ದಾರೆ. ತಣ್ಣಗಿಡಿ ಎಂಬ ಮಾತನ್ನು ಅಕ್ಷರಶಃ ಪಾಲಿಸಹೋಗಿ ಅವರು ಪೆನ್ನನ್ನು ಫ್ರೀಜರ್‌ಗೋ, ಮಂಜುಗಡ್ಡೆಯ ಪ್ಯಾಕೆಟ್‌ಗೆ ಒತ್ತಿಯೋ, ಫ್ರಿಜ್‌ನ ಹಿಂಗೋಡೆಗೆ ತಾಗಿಸಿಯೋ ಇಡುತ್ತಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮತ್ತೆ ದ್ರವವಾದರೂ ಬಳಕೆಗೆ ಬಾರದು. ತಣ್ಣಗೆ ಅಂದರೆ ಎಷ್ಟು ತಣ್ಣಗೆ ಎಂದು ಹೇಳದಿದ್ದರ ಫಲ ಇದು.

ಹೊಸದಾಗಿ ಪತ್ತೆಯಾದವರಿಗೆ ಇದು ಏಕೆ ಹೆಚ್ಚು ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೈಪ್ 1ರಲ್ಲಿ ಚಿಕಿತ್ಸೆ ಆರಂಭವಾದ ಕೆಲವು ವಾರಗಳ ನಂತರ, ಮೇದೋಜೀರಕ ಗ್ರಂಥಿಯಲ್ಲಿ ಅಳಿದುಳಿದ ಕೋಶಗಳು ಮತ್ತೆ ಒಂದಿಷ್ಟು ಇನ್ಸುಲಿನ್ ಒಸರಲು ಶುರುಮಾಡುತ್ತವೆ. ವೈದ್ಯರು ಹನಿಮೂನ್ ಎಂದು ಕರೆಯುವ ಈ ಘಟ್ಟ ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ, ಬಂದದ್ದು ಯಾವಾಗ ಮುಗಿಯುತ್ತದೆಂದು ಯಾರೂ ಹೇಳಲಾರರು. ಆ ದಿನಗಳಲ್ಲಿ ಹೊರಗಿನಿಂದ ಬೇಕಾಗುವ ಡೋಸ್ ಇಳಿಯುತ್ತದೆ, ಆಮೇಲೆ ಏರುತ್ತದೆ. ಈಗ ಬಿಸಿಲಿನ ವಾರವೊಂದರಲ್ಲಿ ಬೆಳಗಿನ ಶುಗರ್ ಮೂರು ದಿನ ಸತತವಾಗಿ 240 ದಾಟಿತು ಎಂದುಕೊಳ್ಳಿ. ಹನಿಮೂನ್ ಮುಗಿಯಿತೇ? ಪೆನ್ ಕೆಟ್ಟಿತೇ? ಸಾಕಷ್ಟು ನೀರು ಕುಡಿಯದೆ ರಕ್ತ ಮಂದವಾಯಿತೇ? ಕಾರ್ಬೋಹೈಡ್ರೇಟ್ ಎಣಿಕೆ ತಪ್ಪಿತೇ? ಪ್ರತಿಯೊಂದಕ್ಕೂ ಮಾಡಬೇಕಾದ್ದು ಬೇರೆ. ಪೆನ್ ಕೆಟ್ಟಿದ್ದಾಗ ಡೋಸ್ ಏರಿಸುತ್ತಾ ಹೋಗಿ, ಆಮೇಲೆ ಹೊಸ ಪೆನ್ ತೆರೆದು ಅದೇ ಏರಿಸಿದ ಡೋಸ್ ತೆಗೆದುಕೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಈ ಒಂದು ವಾಕ್ಯವನ್ನು ಪ್ರತಿ ಹೊಸ ರೋಗಿಗೂ ಬರೆದು ಕೊಡಬೇಕೆಂಬುದು ನನ್ನ ಬೇಡಿಕೆಗಳಲ್ಲಿ ಮೊದಲನೆಯದು.

ಹನಿಮೂನ್ ದಿನಗಳಿಗೆ ಇನ್ನೊಂದು ತಿರುವೂ ಇದೆ. ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ 3 ಮಿಲಿಲೀಟರ್ ಪೆನ್ನಿನಲ್ಲಿ 300 ಯೂನಿಟ್ ಇರುತ್ತದೆ. ದಿನಕ್ಕೆ ಒಂದು ಸಲ 8 ಯೂನಿಟ್ ಸಾಕಾಗುವವರಿಗೆ, ಪ್ರತಿ ಸಲ ಸೂಜಿ ಪರೀಕ್ಷಿಸಲು ಹೊರಹಾಕುವ 2 ಯೂನಿಟ್ ಸೇರಿಸಿದರೂ, ಅದು ಒಂದು ತಿಂಗಳು ಬರುತ್ತದೆ; 10 ಮಿಲಿಲೀಟರ್ ಬಾಟಲಿಯಾದರೆ ಮೂರು ತಿಂಗಳು ದಾಟುತ್ತದೆ. ಅಂದರೆ ಅತಿ ಕಡಿಮೆ ಅನುಭವವಿರುವವರ ಕೈಯಲ್ಲೇ ತೆರೆದ ಔಷಧ ಅತಿ ಹೆಚ್ಚು ದಿನ ಬಿಸಿಲು ತಿನ್ನುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿರುವ ಬಾಟಲಿಯನ್ನು 28ನೆಯ ದಿನ ಎಸೆಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಔಷಧಕ್ಕೆ ಕೈಯಿಂದ ದುಡ್ಡು ತೆರಬೇಕಾದವರಿಗಂತೂ ಒಪ್ಪಲೇ ಆಗುವುದಿಲ್ಲ. ಇಂಥವರಿಗೆ ದೊಡ್ಡ ಬಾಟಲಿಯ ಬದಲು ಪೆನ್ನಿನೊಳಗೆ ಕೂರಿಸುವ ಚಿಕ್ಕ ಔಷಧದ ಕೊಳವೆ, ಅಂದರೆ ಕಾರ್ಟ್ರಿಜ್, ಬರೆದುಕೊಡುವುದು ವೈದ್ಯರಿಗೆ ಕಷ್ಟವೇನಲ್ಲ. ತೆರೆದ ದಿನಾಂಕ ಬರೆಯಲು ಪೆನ್ನಿನ ಮೇಲೆ ಬೆರಳಗಲದ ಖಾಲಿ ಜಾಗ ಬಿಡುವುದು ತಯಾರಕರಿಗೂ ಕಷ್ಟವಾಗಬಾರದು. ಈಗ ನಾವು ಟೇಪ್ ಅಂಟಿಸಿ ಬರೆಯುತ್ತೇವೆ, ಕೈ ಬೆವರಿಗೆ ಅದು ಅಳಿಸಿಹೋಗುತ್ತದೆ.

ಔಷಧ ಚೆನ್ನಾಗಿಯೇ ಇದ್ದರೂ ಬಿಸಿಲಿನಲ್ಲಿ ದೇಹ ಅದನ್ನು ಬೇರೆ ಬಗೆಯಲ್ಲಿ ಬರಮಾಡಿಕೊಳ್ಳುತ್ತದೆ. ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗಿ ಅಲ್ಲಿನ ರಕ್ತಸಂಚಾರ ಹೆಚ್ಚುವುದರಿಂದ, ಚರ್ಮದಡಿ ಚುಚ್ಚಿದ ಇನ್ಸುಲಿನ್ ಎಂದಿಗಿಂತ ಬೇಗ ರಕ್ತಕ್ಕಿಳಿಯುತ್ತದೆ. ಚುಚ್ಚಿದ ಮೇಲೆ ಬಿಸಿನೀರಿನ ಸ್ನಾನ ಮಾಡಿದರೂ, ಆ ಜಾಗವನ್ನು ತಿಕ್ಕಿದರೂ, ತೊಡೆಗೆ ಚುಚ್ಚಿ ಬಿಸಿಲಿನಲ್ಲಿ ನಡೆದರೂ ಹೀಗೇ. ಪರಿಣಾಮವಾಗಿ ಎಂದಿನ ಡೋಸ್‌ಗೇ ಶುಗರ್ ಬೇಗ ಇಳಿಯುತ್ತದೆ. ಆದರೆ ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಆಟ ತಿರುಗುತ್ತದೆ: ರಕ್ತದಲ್ಲಿ ಸಕ್ಕರೆಯ ಸಾಂದ್ರತೆ ಏರುತ್ತದೆ, ಏರಿದ ಸಕ್ಕರೆ ಮೂತ್ರದ ಮೂಲಕ ಇನ್ನಷ್ಟು ನೀರನ್ನು ಹೊರಗೆಳೆಯುತ್ತದೆ, ಬಾಯಾರಿಕೆ ಸುತ್ತುತ್ತಲೇ ಇರುತ್ತದೆ. ಒಂದೇ ಮಧ್ಯಾಹ್ನ ಮೊದಲು ಇಳಿತ, ಸಂಜೆಗೆ ಏರಿಕೆ ಕಾಣುವುದು ಅಪರೂಪವಲ್ಲ. ಬೇಸಿಗೆಯಲ್ಲಿ ಡೋಸ್ ಕಡಿಮೆ ಮಾಡಿ ಎಂದೋ ಹೆಚ್ಚು ಮಾಡಿ ಎಂದೋ ಎಲ್ಲರಿಗೂ ಸಲ್ಲುವ ಒಂದು ನಿಯಮವನ್ನು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಹೆಚ್ಚು ಸಲ ಅಳೆಯಿರಿ ಎಂಬುದೊಂದೇ ಎಲ್ಲರಿಗೂ ಹೇಳಬಹುದಾದ ಮಾತು.

ಅಳೆಯುವುದಾದರೂ ಸುಲಭವೇ? ಸೆಕೆಯ ರಾತ್ರಿ ಎಚ್ಚರವಾದಾಗ ದಿಂಬು ತೊಯ್ದಿದೆ, ಎದೆ ಬಡಿದುಕೊಳ್ಳುತ್ತಿದೆ, ಕೈಯಲ್ಲಿ ಸಣ್ಣ ನಡುಕ. ಇದು ಶುಗರ್ ಇಳಿದದ್ದೋ ಬರೀ ಸೆಕೆಯೋ ಎಂದು ಬೆವರು ಹೇಳುವುದಿಲ್ಲ, ಏಕೆಂದರೆ ಎರಡರದ್ದೂ ಬೆವರೇ. ಕತ್ತಲಲ್ಲಿ ಡಬ್ಬಿ ತಡಕಿ, ಸ್ಟ್ರಿಪ್ ಸಿಕ್ಕಿಸಿ, ಬೆರಳು ಚುಚ್ಚಿದರೆ ರಕ್ತದ ಹನಿಗೆ ಬೆರಳಿನ ಬೆವರು ಬೆರೆತು ತೆಳುವಾಗುತ್ತದೆ, ಓದು ನಿಜಕ್ಕಿಂತ ಕಡಿಮೆ ಬರಬಹುದು. ಆದ್ದರಿಂದ ಮೊದಲು ಕೈ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ಸ್ಟ್ರಿಪ್‌ಗಳ ಮೇಲಿರುವ ಕಿಣ್ವಗಳೂ ಶಾಖ ಮತ್ತು ತೇವಕ್ಕೆ ಸೋಲುತ್ತವೆ. ಹೆಚ್ಚಿನ ಸ್ಟ್ರಿಪ್ ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದೇ ಇರುತ್ತದೆ, ಬಹಳಷ್ಟು ಮೀಟರ್‌ಗಳು 40 ಡಿಗ್ರಿಯ ಆಸುಪಾಸಿನಲ್ಲಿ ಓದುವುದನ್ನೇ ನಿಲ್ಲಿಸಿ ದೋಷಸೂಚನೆ ತೋರಿಸುತ್ತವೆ. ಹಾಗೆಂದು ಸ್ಟ್ರಿಪ್‌ಗಳನ್ನು ಫ್ರಿಜ್‌ನಲ್ಲಿಟ್ಟರೆ ತೇವ ಹಿಡಿದು ಅವೂ ಕೆಡುತ್ತವೆ. ಇನ್ಸುಲಿನ್‌ಗೆ ಹೇಳಿದ ಉಪಾಯ ಸ್ಟ್ರಿಪ್‌ಗೆ ಸಲ್ಲದು ಎಂಬುದನ್ನು ನನಗೆ ಕಲಿಸಿದ್ದು ಆಸ್ಪತ್ರೆಯಲ್ಲ, ಡಬ್ಬಿಯ ಪಕ್ಕದಲ್ಲಿದ್ದ ಸಣ್ಣಕ್ಷರ. ಅಳೆಯಲು ಆಗದಿದ್ದಾಗ ಲಕ್ಷಣವಿದ್ದರೆ ಶುಗರ್ ಇಳಿದಿದೆ ಎಂದೇ ತಿಳಿದು ನಡೆಯಬೇಕು: ಒಂದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದಾಗ ಮಾಡುವಂತೆ ಬೇಗ ಕರಗುವ 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವಿಕೆ, ಮತ್ತೆ ಪರೀಕ್ಷೆ. ಬಿಸಿಲಿನಲ್ಲಿ ಕರಗಿ ಅಂಟುವ ತಿನಿಸಿಗಿಂತ ಗ್ಲುಕೋಸ್ ಮಾತ್ರೆ ಜೇಬಿಗೆ ಲೇಸು.

ಏರಿಕೆಯ ಕಡೆಯ ನಿಯಮವೂ ಅಷ್ಟೇ ಸ್ಪಷ್ಟವಾಗಿ ಕೈಯಲ್ಲಿರಬೇಕು. ಸರಿಯಾದ ಡೋಸ್ ಕೊಟ್ಟು ಗಂಟೆಗಳಾದರೂ ಶುಗರ್ 250ರ ಕೆಳಗೆ ಬರದಿದ್ದರೆ, ಔಷಧ ಬಿಸಿಲು ಕಂಡಿದ್ದರೆ, ಪೆನ್ನಿನ ಬಗ್ಗೆ ತರ್ಕಿಸುತ್ತ ಕೂರುವ ಬದಲು ಫ್ರಿಜ್‌ನಲ್ಲಿರುವ ಹೊಸದನ್ನು ತೆರೆಯಬೇಕು, ಕೀಟೋನ್ ಪರೀಕ್ಷಿಸಬೇಕು, ನೀರು ಕುಡಿಯಬೇಕು. ಮುಂದಿನ ಡೋಸ್ ಎಷ್ಟು ಎಂಬುದನ್ನು ವೈದ್ಯರು ಬರೆದುಕೊಟ್ಟ ಲೆಕ್ಕದಂತೆ ನಿರ್ಧರಿಸಬೇಕು. ಹಳೆಯ ಪೆನ್ನಿನಿಂದ ಈಗಾಗಲೇ ಹೋಗಿರುವ ಇನ್ಸುಲಿನ್‌ನಲ್ಲಿ ಎಷ್ಟು ಜೀವ ಉಳಿದಿತ್ತೆಂದು ಗೊತ್ತಿಲ್ಲದಿರುವಾಗ ಅದರ ಮೇಲೆ ಮತ್ತೆ ಮತ್ತೆ ಸುರಿಯುವುದು ಅಪಾಯ. ರಕ್ತದ ಕೀಟೋನ್ ಒಂದು ಲೀಟರಿಗೆ 3 ಮಿಲಿಮೋಲ್ ಮುಟ್ಟಿದರೆ, ಅಥವಾ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು ಕಾಣಿಸಿದರೆ ಆಸ್ಪತ್ರೆಗೇ ಹೋಗಬೇಕು, ಮನೆಯಲ್ಲಿ ಕಾಯುವಂತಿಲ್ಲ. ಊಟ ಸೇರದಿದ್ದರೂ, ದಿನವಿಡೀ ನಿಧಾನವಾಗಿ ಕೆಲಸ ಮಾಡುವ ದೀರ್ಘಕಾಲಿಕ ಇನ್ಸುಲಿನ್ ನಿಲ್ಲಿಸಬಾರದು. ಇನ್ಸುಲಿನ್ ಅನ್ನು ನಿರಂತರವಾಗಿ ಹನಿಸುವ ಪಂಪ್ ಬಳಸುವವರಿಗೆ ಬೆನ್ನಿಗೆ ಈ ದೀರ್ಘಕಾಲಿಕ ಇನ್ಸುಲಿನ್ ಇರುವುದಿಲ್ಲವಾದ್ದರಿಂದ, ಮೈಗಂಟಿಕೊಂಡು ಬಿಸಿಯಾಗುವ ಅವರ ಪಂಪಿನಲ್ಲಿ ಔಷಧ ಕೆಟ್ಟರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ.

ಟೈಪ್ 2 ಇದ್ದು ಇನ್ಸುಲಿನ್ ಆರಂಭಿಸಿದ ಹಿರಿಯರಿಗೆ ಇದರ ಜೊತೆಗೆ ಮಾತ್ರೆಗಳ ಪ್ರಶ್ನೆಯಿದೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಎಸ್‌ಜಿಎಲ್‌ಟಿ2 ಬಗೆಯ ಮಾತ್ರೆಗಳು ಬಿಸಿಲಿನಲ್ಲಿ ನಿರ್ಜಲೀಕರಣವನ್ನು ಹೆಚ್ಚಿಸಬಲ್ಲವು. ಎರಡನೆಯವುಗಳಲ್ಲಿ ಶುಗರ್ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ ಆಗುವ ಸಾಧ್ಯತೆಯೂ ಇದೆ. ಯಾವುದನ್ನು ಯಾವಾಗ ತಡೆಹಿಡಿಯಬೇಕೆಂಬುದು ರೋಗಿ ಊಹಿಸಬೇಕಾದ ವಿಷಯವಲ್ಲ, ಬರೆದುಕೊಡುವವರು ಮೊದಲೇ ಹೇಳಿಕೊಡಬೇಕಾದ್ದು.

ತಂಪಾಗಿಡುವ ಉಪಾಯಗಳ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ, ನೀವು ಹೇಳಬೇಕು. ನೀರು ಆವಿಯಾಗುವಾಗ ಶಾಖ ಸೆಳೆದುಕೊಳ್ಳುವುದನ್ನೇ ನೆಚ್ಚಿದ ಮಣ್ಣಿನ ಗಡಿಗೆಯಾಗಲಿ, ನೀರಿನಲ್ಲಿ ನೆನೆಸುವ ಹರಳಿನ ಚೀಲವಾಗಲಿ ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಗಾಳಿಯೇ ತೇವದಿಂದ ತುಂಬಿರುವಲ್ಲಿ ಅವುಗಳ ತಂಪು ಒಂದೆರಡು ಡಿಗ್ರಿಗೆ ಇಳಿದುಬಿಡಬಹುದು. ಆ ಚೀಲವನ್ನು ಝಿಪ್ ಎಳೆದ ಬ್ಯಾಗಿನೊಳಗೆ ತುರುಕಿದರೆ ಗಾಳಿಯಾಡದೆ ಅಷ್ಟೂ ಸಿಗುವುದಿಲ್ಲ. ವಿದ್ಯುತ್ ಹೋದಾಗ ಫ್ರಿಜ್‌ನ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ನಿಲ್ಲುತ್ತದೆ. ವಿಮಾನದಲ್ಲಿ ಹೋಗುವಾಗ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಸಾಮಾನಿನ ಜೊತೆ ಕೆಳಗೆ ಕಳಿಸಿದರೆ ಹೆಪ್ಪುಗಟ್ಟುವ ಭಯ. ಇನ್ನೊಂದು ಸಣ್ಣ ಸಂಗತಿ ಇದೆ, ಇದನ್ನು ಕಣ್ಣಾರೆ ಕಾಣಬಹುದು. ಸೂಜಿ ಬಿಚ್ಚದೆ ಬಿಟ್ಟ ಪೆನ್ ಬಿಸಿಯಾದಾಗ ಒಳಗಿನ ದ್ರವ ಹಿಗ್ಗಿ ಸೂಜಿಯ ತುದಿಯಲ್ಲಿ ಹನಿಯಾಗಿ ಒಸರುತ್ತದೆ. ರಾತ್ರಿ ತಣಿದಾಗ ಕುಗ್ಗಿ ಅದೇ ದಾರಿಯಲ್ಲಿ ಗಾಳಿ ಒಳಗೆಳೆದುಕೊಳ್ಳುತ್ತದೆ. ಬೆಳಿಗ್ಗೆ ಕಾರ್ಟ್ರಿಜ್‌ನಲ್ಲಿ ಕಾಳಿನಷ್ಟು ಗುಳ್ಳೆ ಕುಳಿತಿರುತ್ತದೆ, ಚುಚ್ಚಿದಾಗ ತಿರುಗಿಸಿದಷ್ಟು ಯೂನಿಟ್ ಹೋಗುವುದಿಲ್ಲ. ಆಗಲೂ ಹೊಸಬರು ದೂರುವುದು ತಮ್ಮ ಊಟವನ್ನೇ.

ಈಗ ತಯಾರಕರಿಗೂ ನಿಯಂತ್ರಕರಿಗೂ ಮುಖ್ಯ ಮಾತು. ಲಸಿಕೆಯ ಬಾಟಲಿಗಳ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುವುದನ್ನು ನೀವು ಬಲ್ಲಿರಿ. ಬಾಟಲಿ ಕಂಡ ಶಾಖವನ್ನೆಲ್ಲ ಕೂಡಿಸುತ್ತಾ ಆ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಸಮನಾದ ಕೂಡಲೇ ಆ ಲಸಿಕೆಯನ್ನು ಬಳಸುವುದಿಲ್ಲ. 1996ರಲ್ಲಿ ಪೋಲಿಯೊ ಹನಿಗಳ ಬಾಟಲಿಯಿಂದ ಆರಂಭವಾದ ಈ ಲೇಬಲ್ ಇಂದು ಬೇರೆ ಬೇರೆ ತಾಳಿಕೆಯ ಲಸಿಕೆಗಳಿಗೆ ಬೇರೆ ಬೇರೆ ವೇಗದಲ್ಲಿ ಸಿಗುತ್ತದೆ, 37 ಡಿಗ್ರಿಯಲ್ಲಿ ಎರಡೇ ದಿನಕ್ಕೆ ಕಪ್ಪಾಗುವುದರಿಂದ ಹಿಡಿದು 30 ದಿನವೋ ಇನ್ನೂ ಹೆಚ್ಚೋ ತಡೆಯುವುದರವರೆಗೆ. ಓದು ಬಾರದವರೂ ಅದನ್ನು ನೋಡಿ ತಿಳಿಯಬಲ್ಲರು. ನನ್ನ ಕೈಗೆ ಬಂದ ಯಾವ ಇನ್ಸುಲಿನ್ ಪೆನ್ನಿನ ಮೇಲೂ ಅಂಥದ್ದೊಂದು ಗುರುತು ಇರಲಿಲ್ಲ. ಲಸಿಕೆಯನ್ನು ಹಾಕುವವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಅವರ ಬಳಿ ಶೀತಪೆಟ್ಟಿಗೆಯೂ ಇರುತ್ತದೆ. ಇನ್ಸುಲಿನ್ ಹಾಕಿಕೊಳ್ಳುವವರು ರೋಗಿಗಳೇ, ಅವರ ಬಳಿ ಇವೆರಡೂ ಇಲ್ಲ. ಹೆಚ್ಚು ನೆರವು ಯಾರಿಗೆ ಬೇಕು ಎಂದು ನೀವೇ ಯೋಚಿಸಿ. ಔಷಧ ನಮ್ಮ ಕೈಸೇರುವ ಮುನ್ನ ಗೋದಾಮಿನಲ್ಲಿ, ವಾಹನದಲ್ಲಿ, ಅಂಗಡಿಯ ಬಾಗಿಲಲ್ಲಿ ಎಷ್ಟು ಬಿಸಿ ಕಂಡಿತೆಂಬುದು ನಮಗೆ ತಿಳಿಯಲು ಬೇರೆ ದಾರಿಯೇ ಇಲ್ಲ. ಈ ಲೇಬಲ್ ಹೆಪ್ಪುಗಟ್ಟಿದ್ದನ್ನು ತೋರಿಸದು, ಕುಲುಕಾಟವನ್ನೂ ತೋರಿಸದು, ನಿಜ. ತೋರಿಸುವಷ್ಟನ್ನಾದರೂ ತೋರಿಸಲಿ.

ಲೇಬಲ್ ಬರುವವರೆಗೆ ಅಂಕಿಗಳನ್ನಾದರೂ ಕೊಡಿ. ನಿಮ್ಮ ಪ್ರತಿಯೊಂದು ಇನ್ಸುಲಿನ್, ಅನಲಾಗ್‌ಗಳೂ ಸೇರಿ, 30, 35, 37, 40 ಡಿಗ್ರಿಗಳಲ್ಲಿ ಎಷ್ಟು ದಿನಕ್ಕೆ ಎಷ್ಟು ಸಾಮರ್ಥ್ಯ ಕಳೆಯುತ್ತದೆ, ಹಗಲು ಏರಿ ರಾತ್ರಿ ಇಳಿಯುವ ಶಾಖದಲ್ಲಿ ಹೇಗಿರುತ್ತದೆ ಎಂಬುದನ್ನು ರೋಗಿಗೆ ಅರ್ಥವಾಗುವ ಕೋಷ್ಟಕವಾಗಿ ಆ ಮಡಚಿದ ಕಾಗದದಲ್ಲೇ ಮುದ್ರಿಸಬೇಕು. ಔಷಧಕ್ಕೆ ಅನುಮತಿ ಪಡೆಯುವಾಗ ಸ್ಥಿರತೆಯ ಪರೀಕ್ಷೆಗಳನ್ನು ನೀವು ಹೇಗೂ ಮಾಡುತ್ತೀರಿ. 25 ಡಿಗ್ರಿಯ ಸಾಲಿನ ಕೆಳಗೆ ಇನ್ನೂ ನಾಲ್ಕು ಸಾಲು ಸೇರಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಮನುಷ್ಯರು ವಾಸಿಸುವ ಮನೆಗಳ ತಾಪಮಾನದಲ್ಲಿ ಪರೀಕ್ಷಿಸದ ಔಷಧವನ್ನು ಮನೆಯಲ್ಲಿ ಬಳಸಲು ಒಪ್ಪಿಗೆ ಕೊಡುವುದು ಹೇಗೆ ಎಂದು ನಿಯಂತ್ರಕರು ಒಮ್ಮೆ ಕೇಳಿದರೆ ಆ ಸಾಲುಗಳು ಬಂದೇ ಬರುತ್ತವೆ. ಶಾಖಕ್ಕೆ ಹೆದರಿ ಒಳ್ಳೆಯ ಔಷಧ ಎಸೆಯುವಷ್ಟು ಕಡಿಮೆ ಮಾಹಿತಿಯಲ್ಲಿ ನಮ್ಮನ್ನು ಇಟ್ಟಿರುವುದರಿಂದ ಮಾರಾಟ ಹೆಚ್ಚುತ್ತದೆಯಲ್ಲವೇ ಎಂಬ ಅನುಮಾನ ಯಾರಿಗಾದರೂ ಬಂದರೆ, ಅದನ್ನು ನೀಗಿಸುವುದೂ ತಯಾರಕರ ಕೈಯಲ್ಲೇ ಇದೆ.

ವೈದ್ಯರಲ್ಲೂ ಶುಶ್ರೂಷಕರಲ್ಲೂ ಕೇಳುವುದು ಒಂದು ಪುಟ. ಇನ್ಸುಲಿನ್ ಆರಂಭಿಸುವ ದಿನವೇ, ಅದು ಯಾವ ಋತುವೇ ಆಗಿರಲಿ, ರೋಗಿಯ ಕೈಗೆ ಕೊಡುವ ಬಿಸಿಲಿನ ಪುಟ. ಅದರಲ್ಲಿ ಸಾಮಾನ್ಯ ಉಪದೇಶ ಬೇಡ. ಆ ರೋಗಿಯ ಇನ್ಸುಲಿನ್‌ನ ಹೆಸರು, ಅದಕ್ಕೆ ಸಲ್ಲುವ ಮಿತಿ ಮತ್ತು ದಿನಗಳು, ಶುಗರ್ ಎಷ್ಟು ದಾಟಿದರೆ ಪೆನ್ ಬದಲಿಸಬೇಕು, ಬದಲಿಸಿದಾಗ ಡೋಸ್ ಎಲ್ಲಿಂದ ಆರಂಭಿಸಬೇಕು, ಯಾವ ಮಾತ್ರೆ ಯಾವಾಗ ನಿಲ್ಲಬೇಕು, ಯಾವ ಗಳಿಗೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದು ಕೈಬರಹದಲ್ಲಿದ್ದರೂ ಸಾಕು. ಒಂದು ಪೆನ್ ಕೆಟ್ಟರೆ ತೆರೆಯಲು ಇನ್ನೊಂದು ಇರುವಂತೆ ಮೊದಲ ಚೀಟಿಯಲ್ಲೇ ಒಂದು ಹೆಚ್ಚುವರಿ ಬರೆಯಿರಿ. ಬಿಸಿಲಿನಲ್ಲಿ ಶುಗರ್ ಏರಿದೆ ಎಂದು ಬಂದವರನ್ನು ಏನು ತಿಂದಿರಿ ಎಂದು ಕೇಳುವ ಮೊದಲು, ಪೆನ್ ಎಲ್ಲಿತ್ತು, ಯಾವಾಗ ತೆರೆದಿರಿ ಎಂದು ಕೇಳಿ.

ಈ ಪತ್ರಕ್ಕೆ ನಿಮ್ಮಲ್ಲಿ ಯಾರ ಬಳಿಯಾದರೂ ಉತ್ತರವಿದ್ದರೆ ಅದನ್ನು ನನಗೆ ಕಳಿಸುವುದಕ್ಕಿಂತ ಪೆಟ್ಟಿಗೆಯೊಳಗಿನ ಕಾಗದದಲ್ಲೇ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇಂತಿ,
ಇನ್ಸುಲಿನ್ ಬಳಸುವವರಲ್ಲಿ ಒಬ್ಬರು